ನೀಲಗಿರಿ ಹೊಗೆ ಹಿಡಿದ ಬಾಡು

ಮೊನ್ನೆ ಭಾನುವಾರ ಅರಸೀಕೆರೆಯಲ್ಲಿ ಅಕ್ಕನ ಮನೆಯ ಹಿತ್ತಲಿಗೆ ಕಾಲಿಡುತ್ತಿದ್ದಂತೆ ಭಾವ ಒಂದು ಚೀಲ ತಂದು ನನ್ನ ಮೂಗಿಗೆ ಹಿಡಿದರು. ಒಳಗೆ ಹಸುವಿಗೆ ಹಾಕುವ ಫೀಡಿನಂಥ ಗುಳಿಗೆಗಳು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಭಾವನಿಗೆ ಅಡುಗೆಯ ಹುಚ್ಚು ಹತ್ತಿದೆ. ಹೊಗೆಯಲ್ಲೇ ಮಾಂಸ ಬೇಯಿಸುವ ಪೆಲೆಟ್ ಗ್ರಿಲ್ ತರಿಸಿದ್ದಾರೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಈ ಗುಳಿಗೆಗಳೇ ಅದಕ್ಕೆ ಸೌದೆ.

"ಸೇಬು, ಚೆರ್ರಿ, ಓಕ್ ಮೂರೂ ಐತೆ. ಯಾವ್ದು ಹಾಕೋಣ ಹೇಳಯ್ಯ. ಸೈನ್ಸ್ ಮೇಷ್ಟ್ರಲ್ವಾ ನೀನು?"

ಮೂಸಿದೆ. ಮೂಸಿದ್ದೇ ತಡ, ಮೂವತ್ತು ವರ್ಷದ ಹಿಂದಿನ ಬೇರೊಂದು ವಾಸನೆ ನೆನಪಾಗಿ ತಲೆ ತಗ್ಗಿಸಿದೆ. ಯಾಕೆಂದು ಹೇಳುತ್ತೇನೆ. ನಿಮಗೆ ನಗು ಬಂದರೆ ನಕ್ಕುಬಿಡಿ.

ಅಕ್ಕನನ್ನೂ ನನ್ನನ್ನೂ ಸಾಕಿದವಳು ಹಳೇಬೀಡಿನ ಹತ್ತಿರದ ನಮ್ಮೂರಿನ ದೊಡ್ಡವ್ವ. ಕುರಿಬಾಡಿಗೆ ಉಪ್ಪು, ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಒಲೆಯ ಮೇಲೆ ತೂಗುಹಾಕಿ ಮೂರು ದಿನ ಹೊಗೆ ಕೊಡುತ್ತಿದ್ದಳು. ಸೀಬೆ ಸೌದೆ ಆಗಬಹುದು, ಹಲಸೂ ಆಗಬಹುದು, ಬೇವು ಕಹಿ, ಹಸಿ ಕಟ್ಟಿಗೆ ಯಾವುದೂ ಕೂಡದು. ನಾನಾಗ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ, ಅಂದರೆ ಜೀವನದಲ್ಲೇ ಅತಿ ಹೆಚ್ಚು ತಿಳಿದಿದ್ದ ಕಾಲ.

"ಹೊಗೆ ಅಂದ್ರೆ ಬರೀ ಇಂಗಾಲ, ದೊಡ್ಡವ್ವ. ಯಾವ ಮರ ಆದ್ರೇನು?"

"ಹಂಗಾದ್ರೆ ಎಲ್ಲಾ ನೀರೂ ಒಂದೇನ್ಲಾ? ಮೋರೀದೂ ಕುಡಿ."

ಆ ವರ್ಷ ಅಕ್ಕನನ್ನು ನೋಡಲು ಅರಸೀಕೆರೆಯಿಂದ ಗಂಡಿನವರು ಬರುವುದಿತ್ತು. ಅವರಿಗೆಂದೇ ದೊಡ್ಡವ್ವ ಬಾಡು ಕಟ್ಟಿದ್ದಳು. ಎರಡನೆಯ ದಿನ ಅವಳ ತಮ್ಮ ಬೇಲೂರಿನ ಆಸ್ಪತ್ರೆ ಸೇರಿದ ಸುದ್ದಿ ಬಂತು. ಹೊರಡುವಾಗ ನನ್ನನ್ನು ಕರೆದು, "ಸೀಬೆ ಸೌದೆ ಮೂಲೇಲೈತೆ. ಮುಗಿದ್ರೆ ಒಲೆ ಆರಿಸ್ಬಿಡು. ಬೇರೇದು ಹಾಕ್ಬೇಡ" ಎಂದಳು.

ಸಂಜೆಯೊಳಗೆ ಸೀಬೆ ಮುಗಿಯಿತು. ಬಚ್ಚಲ ಒಲೆಗೆಂದು ತಂದ ನೀಲಗಿರಿ ತುಂಡುಗಳು ಹಿತ್ತಲಲ್ಲಿ ಬಿದ್ದಿದ್ದವು. ನನ್ನ ಇಂಗಾಲದ ಸಿದ್ಧಾಂತವನ್ನು ರುಜುವಾತು ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಬೇಕೇ? ಹಾಕಿದೆ. ಚೆನ್ನಾಗಿಯೇ ಉರಿಯಿತು.

ಮರುದಿನ ದೊಡ್ಡವ್ವ ಬೇಲೂರಿನಿಂದ ಓಡೋಡಿ ಬಂದವಳು ಬಾಗಿಲಲ್ಲೇ ನಿಂತು ಮೂಗರಳಿಸಿದಳು. ನನ್ನನ್ನೊಮ್ಮೆ ನೋಡಿದಳು. ಬೇರೆ ಬಾಡು ತರಲು ಹೊತ್ತಿರಲಿಲ್ಲ. ನೆಂಟರು ಆಗಲೇ ಬಸ್ಸಿಳಿದಿದ್ದರು. ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಎರಡರಷ್ಟು ಮಸಾಲೆ ಅರೆದು ಸಾರು ಮಾಡಿದಳು.

ಗಂಡಿನ ಅಪ್ಪ ಮೊದಲ ತುಂಡು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದರು. "ಏನಮ್ಮಾ ಇದು, ತಲೆನೋವಿನ ಮುಲಾಮಿನ ವಾಸ್ನೆ?"

ಮುದ್ದೆ ಬಡಿಸುತ್ತಿದ್ದ ಅಕ್ಕನಿಗೆ ಎಲ್ಲ ಗೊತ್ತಿತ್ತು, ನನ್ನತ್ತ ನೋಡಿದಳು.

"ನೀಲಗಿರಿ ಸೌದೆ ಇಟ್ಬಿಟ್ಟೆ, ಸ್ವಾಮಿ. ಕಣ್ಣು ಮಂಜಾಗೈತೆ. ತಪ್ಪು ನಂದು" ಎಂದಳು ದೊಡ್ಡವ್ವ.

ಅವಳಿಗೆ ಆಗ ಐವತ್ತೂ ತುಂಬಿರಲಿಲ್ಲ. ದೀಪದ ಬೆಳಕಲ್ಲಿ ಸೂಜಿಗೆ ದಾರ ಏರಿಸುತ್ತಿದ್ದಳು. ಅದೇ ಪಂಕ್ತಿಯಲ್ಲಿ ಕೂತಿದ್ದ ನಾನು ಎಲೆ ನೋಡುತ್ತ ಸುಮ್ಮನಿದ್ದೆ.

ಸಂಬಂಧವೇನೋ ಕೂಡಿತು. ಆದರೆ ದೊಡ್ಡವ್ವನಿಗೆ 'ಮುಲಾಮಿನತ್ತೆ' ಎಂಬ ಹೆಸರು ಅಂಟಿಕೊಂಡಿತು. ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ, "ಅತ್ತೇನ ಒಲೆ ಹತ್ರ ಬಿಡ್ಬೇಡ್ರಪ್ಪಾ" ಎಂದು ಭಾವ ಹಾಸ್ಯ ಮಾಡುವರು. ಎಲ್ಲರೂ ನಗುವರು, ಅವಳೂ ನಗುವಳು. ಅಕ್ಕನ ಮನೆಯಲ್ಲಿ ಅವಳು ಅಡುಗೆಗೆ ಕೈ ಹಾಕಿದ್ದನ್ನು ನಾನು ಕಾಣೆ. ಅವಳ ಬಾಡಿನ ರುಚಿ ಗೊತ್ತಿದ್ದ ನಾನೂ ಆ ನಗುವಿನಲ್ಲಿ ಸೇರಿಕೊಂಡೆ.

ಮೊನ್ನೆಯೂ ಅವಳು ಹಿತ್ತಲಲ್ಲೇ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಅತ್ತೇನ ಮಾತ್ರ ಕೇಳ್ಬೇಡ, ನೀಲಗಿರಿ ಅಂದಾರು!" ಎಂದರು ಭಾವ.

"ಅವತ್ತು ನೀಲಗಿರಿ ಹಾಕಿದ್ದು ನಾನು, ಭಾವ. ದೊಡ್ಡವ್ವ ಊರಲ್ಲೇ ಇರ್ಲಿಲ್ಲ."

ಮಾತು ಹೇಗೆ ಹೊರಬಂತೋ ಗೊತ್ತಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಅಕ್ಕ ತಲೆಯೆತ್ತಿದಳು. ಭಾವನ ಮುಖದ ನಗು ನಿಧಾನವಾಗಿ ಇಳಿಯಿತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ, ಅತ್ತೆ?"

"ಹೇಳ್ಬೇಕಾದೋನು ಅವ್ನು. ನಾನ್ಯಾಕೆ ಹೇಳ್ಲಿ?"

ಭಾವ ಮೂರು ಚೀಲಗಳನ್ನೂ ಒಂದೊಂದಾಗಿ ತಂದು ಅವಳ ಮುಂದಿಟ್ಟರು. "ನೀವೇ ಆರಿಸ್ಕೊಡಿ" ಎಂದರು. ದನಿ ಸಣ್ಣದಾಗಿತ್ತು.

ಅವಳು ಆತುರಪಡಲಿಲ್ಲ. ಸೇಬಿನ ಚೀಲವನ್ನು ಹತ್ತಿರಕ್ಕೆಳೆದುಕೊಂಡು, "ಇದನ್ನ ಎಲ್ಲಿಗೆ ಸುರಿಯೋದು, ತೋರ್ಸಿ" ಎನ್ನುತ್ತ ಎದ್ದಳು. ನಾನು ಕೈಹಿಡಿಯಲು ಹೋದರೆ, "ನೀನು ಹೋಗಿ ಈರುಳ್ಳಿ ಹೆಚ್ಚು" ಎಂದಳು.

ಹೋಗಿ ಅಕ್ಕನ ಪಕ್ಕ ಕೂತೆ. ಅಕ್ಕ ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ. ಆಮೇಲೆ ಚಾಕು ನನ್ನ ಕೈಗೆ ಕೊಟ್ಟು, ಸ್ವಲ್ಪ ಸರಿದು ಜಾಗ ಮಾಡಿದಳು.