ಅಡ್ಯಾರ್‌ನಲ್ಲಿ ಕೊಂಡ ಕಾರು

ನಾನು ಚೆನ್ನೈನ ಒಂದು ವಿಮಾ ಕಚೇರಿಯಲ್ಲಿ ವಾಹನಗಳ ಕ್ಲೇಮು ನೋಡುವವಳು. ಪ್ರತಿ ಮಳೆಗಾಲದ ನಂತರ ನೀರು ನುಗ್ಗಿದ ಕಾರುಗಳ ಫೈಲುಗಳು ನನ್ನ ಮೇಜಿನ ಮೇಲೆ ರಾಶಿ ಬೀಳುತ್ತವೆ. ಇಂಥ ನಾನೇ ನೀರಿನಲ್ಲಿ ಮುಳುಗೆದ್ದ ಕಾರೊಂದನ್ನು ಮನೆಗೆ ತಂದುಕೊಂಡೆ ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ದೊಡ್ಡ ಕಾರಿನ ಆಸೆ ನನ್ನ ಗಂಡನದು. ಮಂಡ್ಯ ಕಡೆಯವರು, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೊಸದಕ್ಕೆ ಕೈ ಎಟುಕುವುದಿಲ್ಲ ಎಂದು ಗೊತ್ತಿದ್ದರಿಂದ ಹಳೆಯದನ್ನು ಹುಡುಕುತ್ತಿದ್ದರು. ಅಡ್ಯಾರ್‌ನಲ್ಲಿ ವೈದ್ಯೆಯೊಬ್ಬರು ಎಂಟು ವರ್ಷದ ವಿದೇಶಿ ಸೆಡಾನ್ ಮಾರುತ್ತಿದ್ದಾರೆ ಎಂದು ತಿಳಿದದ್ದೇ ತಡ, ಆ ಭಾನುವಾರವೇ ನನ್ನನ್ನು ಹೊರಡಿಸಿದರು.

ವೈದ್ಯೆ ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಇವರು ಎದ್ದು ಹೊರಗೆ ಹೋಗಿ ಕಾರಿನ ತೊಗಲಿನ ಸೀಟು ಸವರುತ್ತ ಕೂತರು. ನಾನು ಅಭ್ಯಾಸಬಲದಿಂದ ವಿಮೆಯ ಕಾಗದ ಬಿಡಿಸಿದೆ. ಒಂದೂ ಕ್ಲೇಮಿಲ್ಲ. ಆದರೆ ಒಂದು ವರ್ಷ ಅಕ್ಟೋಬರಿನಿಂದ ಜನವರಿವರೆಗೆ ಪಾಲಿಸಿಯೇ ಇರಲಿಲ್ಲ. ಕೇಳಿದರೆ, ಆಸ್ಪತ್ರೆಯ ಓಡಾಟದಲ್ಲಿ ಕಟ್ಟಲು ಮರೆತೆ ಎಂದರು. ಚೆನ್ನೈನಲ್ಲಿ ಅಕ್ಟೋಬರಿನಿಂದ ಜನವರಿ ಎಂದರೆ ಮಳೆ, ನೆರೆಯ ಕಾಲ; ಆಗ ಪಾಲಿಸಿ ಇಲ್ಲದ ಕಾರಿಗೆ ನೀರು ನುಗ್ಗಿದರೂ ಕ್ಲೇಮು ದಾಖಲಾಗುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಚೇರಿಯ ಫೈಲಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಅವತ್ತು ಹೊರಗೆ ಬಂದು, ಇವರ ಮುಖದ ಆಸೆ ನೋಡಿ, “ಒಂದು ಕ್ಲೇಮೂ ಇಲ್ಲ ಕಣ್ರೀ, ತಗೊಳಿ” ಎಂದೆ.

ಮೊದಲ ತಿಂಗಳು ಕಾಟ ಕೊಟ್ಟದ್ದು ವಾಸನೆ ಮಾತ್ರ. ಎ.ಸಿ. ಹಾಕಿದರೆ ಒದ್ದೆ ಗೋಣಿಚೀಲ ಮೂಗಿಗೆ ಹಿಡಿದ ಹಾಗಾಗುತ್ತಿತ್ತು. ಇವರು ಮಲ್ಲಿಗೆ ಪರಿಮಳದ ಡಬ್ಬಿ ತಂದಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಕಾರಿನ ಹಿಂಭಾಗ ನೆಲಕ್ಕೆ ಕುಸಿದು ಕೂತಿತ್ತು. ಅದರ ಸಸ್ಪೆನ್ಷನ್ ಗಾಳಿಯ ಚೀಲಗಳ ಮೇಲೆ ನಿಲ್ಲುತ್ತದಂತೆ, ಚೀಲ ಸೋರಿತ್ತು. ಅದನ್ನು ಬದಲಾಯಿಸಿ ವಾರವಾಗಿರಲಿಲ್ಲ, ಮುಂದಿನ ಬಾಗಿಲಿನ ಗಾಜು ಇಳಿದದ್ದು ಏರಲಿಲ್ಲ. ಬ್ರೇಕಿನ ದೀಪ, ಏರ್‌ಬ್ಯಾಗಿನ ದೀಪ ಸರದಿಯ ಮೇಲೆ ಹತ್ತಿದವು. ಪ್ರತಿ ಸಲವೂ ಇವರದು ಒಂದೇ ಮಾತು: “ಏನೂ ಆಗಿಲ್ಲ ಕಣೆ, ಸೆನ್ಸರು ಅಷ್ಟೆ.” ಮೇ ತಿಂಗಳಲ್ಲಿ, ಗಿಂಡಿಯ ಟ್ರಾಫಿಕ್ಕಿನ ನಡುವೆ ಎ.ಸಿ. ನಿಂತು, ಹಿಂದೆಯೇ ಎಂಜಿನ್ನೂ ಆರಿತು. ಮಗಳಿಗೆ ಪರೀಕ್ಷೆಗೆ ಹೊತ್ತಾಗಿತ್ತು. ನಾವು ಮನೆಯಲ್ಲಿ ಎಷ್ಟು ಕನ್ನಡ ಆಡಿದರೂ ತಮಿಳಿನಲ್ಲೇ ಉತ್ತರ ಕೊಡುವವಳು ಅವಳು. “ನಾನ್ ಆಟೋಲ ಪೋರೇನ್‌ಪ್ಪಾ” ಎಂದು ಇಳಿದು ಆಟೋ ಹತ್ತಿ ಹೋದಳು. ಹಿಂದಿನ ಬಸ್ಸಿನವನು ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ನಾನು ಸೀರೆ ಎತ್ತಿ ಕಟ್ಟಿ, ಅಷ್ಟು ಭಾರದ ಕಾರನ್ನು ಅಪರಿಚಿತರ ಜೊತೆ ಸೇರಿ ಪಕ್ಕಕ್ಕೆ ತಳ್ಳಿದೆ.

ಇವರ ಕಾರ್ಖಾನೆಯ ಹತ್ತಿರ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದ. ಕಾರನ್ನು ಅವನಲ್ಲಿಗೆ ಎಳೆಸಿದೆವು. ಅವನು ಬಾನೆಟ್ ಎತ್ತಲೇ ಇಲ್ಲ. ನೇರವಾಗಿ ಮುಂದಿನ ಸೀಟು ಬಿಚ್ಚಿ, ನೆಲದ ಕಾರ್ಪೆಟ್ ಮೇಲಕ್ಕೆತ್ತಿದ. ಕೆಳಗೆ ಒಣಗಿ ಬಿರುಕು ಬಿಟ್ಟ ಕೆಸರು. ವೈರುಗಳ ಕೊಂಡಿಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು.

“ತಣ್ಣೀಲ ನಿನ್ನ ವಂಡಿ, ಮೇಡಂ” ಎಂದ. ನೀರಿನಲ್ಲಿ ನಿಂತ ಗಾಡಿ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಲೇ ಇರುತ್ತದೆ, ಇದಕ್ಕೆ ಕೊನೆಯಿಲ್ಲ ಎಂದೂ ಹೇಳಿದ.

ಇವರು ನನ್ನತ್ತ ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಅದರ ಬದಲು ಆ ಕೆಸರನ್ನು ಉಗುರಿನಿಂದ ಕೆರೆಯುತ್ತ ನಿಂತರು. ನನಗೆ ಅದನ್ನು ತಡೆಯಲಾಗಲಿಲ್ಲ. ಅಲ್ಲೇ ವೈದ್ಯೆಗೆ ಫೋನು ಮಾಡಿದೆ. ಅವರು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. ನೀರು ಸೀಟಿನವರೆಗೆ ಮಾತ್ರ ಬಂದಿತ್ತು, ಎಲ್ಲ ತೊಳೆಸಿದ್ದೆವು ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದರೆ, “ನೀವು ಕೇಳಲಿಲ್ಲವಲ್ಲ” ಎಂದರು. ಕೇಳಿರಲಿಲ್ಲ, ನಿಜ.

ಕಾರನ್ನು ಮಾರಲು ಹೊರಟಾಗ ಇವರಿಗೆ ನೀರಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವ ಆಸೆಯಿತ್ತು. ನಾನು ಒಪ್ಪಲಿಲ್ಲ. ಬಂದವರಿಗೆಲ್ಲ ಕಾರ್ಪೆಟ್ ಎತ್ತಿ ತೋರಿಸಿದೆ. ಮೂವರು ಬಂದ ದಾರಿಯಲ್ಲೇ ವಾಪಸಾದರು. “ನೀನೊಬ್ಬಳೇ ಸತ್ಯವಂತೆ ಈ ಊರಲ್ಲಿ” ಎಂದು ಇವರು ಎರಡು ದಿನ ಮಾತು ಬಿಟ್ಟರು. ಕೊನೆಗೆ ಆ ಮೆಕ್ಯಾನಿಕ್ಕೇ ಬಾಗಿಲು, ಹೆಡ್‌ಲೈಟು ಬಿಡಿಭಾಗಕ್ಕಾದೀತು ಎಂದು ಒಯ್ದ.

ಈಗ ಮನೆಯಲ್ಲಿ ಒಂದು ಚಿಕ್ಕ ಹೊಸ ಕಾರಿದೆ. ಕಾಲು ಚಾಚಲು ಜಾಗವಿಲ್ಲ ಎಂದು ಇವರು ದಿನವೂ ಗೊಣಗುತ್ತಾರೆ. ಗೊಣಗಲಿ.