ಬಲಗೈಗೆ ಹೊಲಿದ ಗ್ಲೌಸ್

ಹೋದ ತಿಂಗಳು ಮೀಟಿಂಗಿಗೆಂದು ನಾನು ಬೆಳೆದ ಹುಣಸೂರಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿದೆ. ಸೀಟು ಹೊಸದು. ಬಿಸಿಲಿಗೆ ಕಾದ ರೆಕ್ಸಿನ್, ಅದರಡಿಯ ಸ್ಪಂಜು, ಅಂಟಿಸಿದ ಸೊಲ್ಯೂಷನ್, ಮೂರೂ ಸೇರಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೊದಲೇ ಒಂದು ಕಡೆ ಕೂರುವ ಜನ್ಮವಲ್ಲ ನನ್ನದು. ಅಂಗನವಾಡಿ ಮೇಲ್ವಿಚಾರಕಿಯ ಕೆಲಸವೂ ಅದಕ್ಕೆ ತಕ್ಕ ಹಾಗೆ ಊರೂರು ಸುತ್ತಿಸುತ್ತದೆ. ಅವತ್ತಂತೂ ಮುಳ್ಳಿನ ಮೇಲೆ ಕೂತ ಹಾಗಾಯಿತು. ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ, ಒಂದೂ ತಲೆಗೆ ಹೋಗಲಿಲ್ಲ.

ನೆನಪಾದವರು ಸೀಟ್ ಸಾಹೇಬರು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಲಾರಿ, ಆಟೋಗಳಿಗೆ ಸೀಟು ಹೊಲಿಯುತ್ತಿದ್ದರು. ಇಡೀ ಊರು ಅವರನ್ನು ಹಾಗೇ ಕರೆಯುತ್ತಿತ್ತು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೊಂದು ಸೀಮೆಸುಣ್ಣ. ಅವರು ಹಾಕಿದ ಹೊಲಿಗೆ ಲಾರಿ ಗುಜರಿಗೆ ಹೋದರೂ ಬಿಡುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಿ.ಟಿ. ಮೇಷ್ಟ್ರು ಎಲ್ಲಿಯೋ ಟ್ರೈನಿಂಗ್ ಮುಗಿಸಿಕೊಂಡು ಬಂದವರೇ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆ ಎಂದರು. ಅಮೆರಿಕದವರ ಬೇಸ್‌ಬಾಲಿನ ತಂಗಿಯಂತೆ. ಒಂದು ಕೈಗೆ ದಪ್ಪನೆಯ ಗ್ಲೌಸ್ ಹಾಕಿಕೊಂಡು ಚೆಂಡು ಹಿಡಿಯಬೇಕು, ಬರಿಗೈಯಲ್ಲಿ ಎಸೆಯಬೇಕು. ತಂಡಕ್ಕೆ ಒಂಬತ್ತು ಜನ ಬೇಕು, ಸಿಕ್ಕವರೂ ಒಂಬತ್ತೇ. ಹಾಗಾಗಿ ನಾನೂ ಇದ್ದೆ. “ಇನ್ನೊಬ್ಳು ಸಿಕ್ಕಿದ ದಿನ ನಿನ್ನ ಬಿಡ್ತೀನಿ ಕಣಮ್ಮ” ಎಂದು ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು. ಬಲಗೈಯಲ್ಲಿ ನಾನು ಎಸೆದ ಚೆಂಡು ಹತ್ತು ಮಾರು ಹೋಗುವಷ್ಟರಲ್ಲಿ ನೆಲಕ್ಕೆ ಬೀಳುತ್ತಿತ್ತು.

ನಾನು ಹುಟ್ಟಾ ಎಡಚಿ, ಕಾರಣ ಅಷ್ಟೇ. ಮನೆಯಲ್ಲಿ ಅದು ದೊಡ್ಡ ಅಪರಾಧ. ಎಡಗೈ ತಟ್ಟೆಗೆ ಹೋದರೆ ಏಟು, ಬಳಪಕ್ಕೆ ಹೋದರೆ ಏಟು. ಅಪ್ಪಾಜಿ ಎದುರು ಆ ಕೈಯನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡೇ ಬೆಳೆದೆ. ಆದರೆ ಆ ಮೈದಾನ ಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು. ದಿನವಿಡೀ ಚಡಪಡಿಸುತ್ತಿದ್ದ ಕೈಕಾಲು ಅಲ್ಲೊಂದು ಕಡೆ ಮಾತ್ರ ಸುಮ್ಮನಾಗುತ್ತಿದ್ದವು.

ಶಾಲೆಯಲ್ಲಿದ್ದದ್ದು ಹರಿದುಹೋದ ಒಂದೇ ಹಳೆಯ ಗ್ಲೌಸ್. ಅದನ್ನು ಮಾದರಿಗೆ ಕೊಟ್ಟು ಒಂಬತ್ತು ಹೊಲಿಸೋಣವೆಂದು ಮೇಷ್ಟ್ರು ನಮ್ಮನ್ನೆಲ್ಲ ಸಾಹೇಬರ ಅಂಗಡಿಗೆ ಕರೆದುಕೊಂಡು ಹೋದರು. ಅಳತೆಗೆ ಎಲ್ಲರೂ ಪೇಪರಿನ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆಯಬೇಕಿತ್ತು. ನನ್ನ ಸರದಿ ಬಂದಾಗ ಸೀಮೆಸುಣ್ಣ ತಾನಾಗಿ ಎಡಗೈಗೆ ಬಂತು. ಅರ್ಧ ಗೆರೆ ಎಳೆದ ಮೇಲೆ ಎಚ್ಚರವಾಗಿ ಸರಕ್ಕನೆ ಕೈ ಬದಲಿಸಿದೆ. ಸಾಹೇಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಪೇಪರು ಮಡಚಿಟ್ಟುಕೊಂಡರು.

ವಾರದ ಮೇಲೆ ಗ್ಲೌಸ್‌ಗಳು ಬಂದವು. ಕಪ್ಪು ರೆಕ್ಸಿನ್, ಕೆಂಪು ದಾರ, ನೋಡಲು ಕಣ್ಣಿಗೆ ಹಬ್ಬ. ಆದರೆ ಒಂಬತ್ತೂ ಬಲಗೈಗೆ! ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಅಂಗಡಿಗೆ ಓಡಿದರು, ಹಿಂದೆ ನಾವೆಲ್ಲ.

“ಸಾಹೇಬ್ರೇ, ಮಾದರಿ ಎಡಗೈದು ಕೊಟ್ಟಿದ್ನಲ್ರೀ!”

“ಅದ ಯಾರೋ ತಪ್ಪು ಹೊಲ್ದವ್ರೆ ಅಂದ್ಕಂಡೆ ಮೇಷ್ಟ್ರೇ. ಎಡಗೈಲಿ ಯಾರಾದ್ರೂ ಈಸ್ಕತಾರಾ? ಹೆಣ್ಮಕ್ಳು ಬೇರೆ. ಅದ್ಕೇ ತಿದ್ದಿ ಹೊಲ್ದೆ.”

ನಾವು ಬಿದ್ದು ಬಿದ್ದು ನಕ್ಕೆವು. ಚೆಂಡು ಎಸೆಯಲು ಬಲಗೈ ಬಿಡುವಾಗಿರಬೇಕು ಎಂದು ಮೇಷ್ಟ್ರು ವಿವರಿಸಿದಾಗ ಅವರೂ ನಕ್ಕರು. ಎಲ್ಲವನ್ನೂ ಬಿಚ್ಚಿ ಹೊಲಿದುಕೊಡುತ್ತೇನೆ ಎಂದರು. ನಾಲ್ಕೇ ದಿನಕ್ಕೆ ಕೊಟ್ಟರು ಕೂಡ, ಆದರೆ ಎಂಟು ಮಾತ್ರ. ಒಂಬತ್ತನೆಯದರ ರೆಕ್ಸಿನ್ ಬಿಚ್ಚಿದರೆ ಹರಿಯುತ್ತದೆ ಎಂದು ಮೇಷ್ಟ್ರಿಗೆ ಹೇಳಿ, ಅದನ್ನು ನನ್ನ ಕಡೆ ಚಾಚಿದರು. “ಇದು ನಿಂಗೆ ಇರ್ಲಿ ಬುಡಮ್ಮ” ಎಂದು ಮೆಲ್ಲಗೆ ಅಂದರು. ಬಟ್ಟೆಯಾಗಲಿ ರೆಕ್ಸಿನ್ನಾಗಲಿ, ಬಿಚ್ಚಿದರೆ ಹರಿಯುವಂಥ ಹೊಲಿಗೆ ಅವರದಲ್ಲ ಎಂದು ನನಗೆ ಗೊತ್ತಿತ್ತು.

ಬಲಗೈಗೆ ಗ್ಲೌಸ್ ಹಾಕಿದ ಮೇಲೆ ಎಡಗೈಯಲ್ಲಿ ಎಸೆಯದೆ ಬೇರೆ ದಾರಿಯೇ ಇರಲಿಲ್ಲ. ಮೊದಲ ಎಸೆತಕ್ಕೇ ಚೆಂಡು ಶಾಲೆಯ ಕಾಂಪೌಂಡ್ ದಾಟಿತು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನಿಂತರು. ಮರುವಾರದಿಂದ ಬ್ಯಾಟಿನವಳ ಎದುರು ನಿಂತು ಚೆಂಡು ಎಸೆಯುವವಳೇ ನಾನು. ಸೊಂಟದ ಕೆಳಗಿನಿಂದ ತೋಳು ಬೀಸಿ ಎಸೆಯಬೇಕು. ಎಡಗಡೆಯಿಂದ ಬರುವ ಚೆಂಡನ್ನು ಯಾವ ಶಾಲೆಯ ಹುಡುಗಿಯೂ ಕಂಡಿರಲಿಲ್ಲ. ಪಿರಿಯಾಪಟ್ಟಣದವರನ್ನು ಅವರೂರಲ್ಲೇ ಸೋಲಿಸಿದೆವು. ಎಚ್.ಡಿ. ಕೋಟೆಯವರ ಮೇಲೆ ಗೆದ್ದು ಬರುವಾಗ ಬಸ್ಸಿನಲ್ಲಿ ಕಿರುಚಿ ಕಿರುಚಿ ಗಂಟಲು ಕಟ್ಟಿತ್ತು. ಆ ಮೂರು ತಿಂಗಳಲ್ಲಿ ನಾನು ಎಷ್ಟು ಸಂತೋಷವಾಗಿದ್ದೆನೋ... ಆಮೇಲೆ ಅಷ್ಟು ಯಾವತ್ತೂ ಇರಲಿಲ್ಲ.

ಕೆ.ಆರ್. ನಗರದವರ ಜೊತೆಗಿನ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಗೆದ್ದರೆ ಮೈಸೂರಿಗೆ. ಗೆದ್ದೆವು. ಕುಣಿಯುತ್ತ ತಿರುಗಿದರೆ ಬೇಲಿಯ ಹತ್ತಿರ ಅಪ್ಪಾಜಿ ನಿಂತಿದ್ದರು.

“ಯಾರೇ ನಿಂಗೆ ಎಡಗೈಲಿ ಎಸಿ ಅಂದೋರು?”

ನಾನು ಎಸೆಯುವ ಕೈ ಇದೇ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವತ್ತೇ ಆಟ ಮುಗಿಯುತ್ತಿತ್ತು. “ಸೀಟ್ ಸಾಹೇಬ್ರು ಗ್ಲೌಸ್ ತಪ್ಪು ಹೊಲ್ದವ್ರೆ ಅಪ್ಪಾಜಿ, ನನ್ಗೆ ಬೇರೆ ಇಲ್ಲ” ಎಂದುಬಿಟ್ಟೆ.

ಅಪ್ಪಾಜಿ ನನ್ನ ರಟ್ಟೆ ಹಿಡಿದು ನೇರ ಅಂಗಡಿಗೆ ಎಳೆದುಕೊಂಡು ಹೋದರು. ಅಲ್ಲಿ ನಾಲ್ಕು ಜನ ಡ್ರೈವರುಗಳು ಕೂತಿದ್ದರು. “ಎಡ ಬಲ ಗೊತ್ತಿಲ್ದೋರು ಯಾಕ್ರೀ ಮಿಷನ್ ಇಟ್ಕಂಡಿದ್ದೀರಿ?” ಎಂದು ಅವರೆಲ್ಲರ ಎದುರು ಕೂಗಾಡಿದರು. ಸಾಹೇಬರು ಮಿಷನ್ ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ತಪ್ಪು ನಂದೇ ಸ್ವಾಮಿ. ವಯಸ್ಸಾಯ್ತು, ಕಣ್ಣು ಮಂಜು. ಈಗ ಬಿಚ್ಚಿದ್ರೆ ಅರ್ದೋಯ್ತದೆ. ಮಗೀನ ಆಟ ಮುಗಿಯೋಗಂಟ ಅಂಗೇ ಬುಟ್ಬುಡಿ.”

ಅಪ್ಪಾಜಿ ಗೊಣಗಿಕೊಂಡು ಬಿಟ್ಟರು. ನನ್ನ ಆಟ ಉಳಿಯಿತು.

ಅವರ ಹೆಸರು ಉಳಿಯಲಿಲ್ಲ. ಸೀಟ್ ಸಾಹೇಬರಿಗೆ ಕಣ್ಣು ಹೋಯಿತಂತೆ, ಎಡ ಬಲ ತಿಳಿಯುವುದಿಲ್ಲವಂತೆ ಎಂಬ ಮಾತು ವಾರದೊಳಗೆ ಊರೆಲ್ಲ ಹಬ್ಬಿತು. ಮುಂದಿನ ಸೀಟು ಹಿಂದಕ್ಕೆ ಹೊಲಿಯಬೇಡಿ ಎಂದು ತಮಾಷೆ ಮಾಡುವವರು ಮಾಡಿದರು. ಲಾರಿ ಮಾಲೀಕರು ಕೆಲವರು ಬೇರೆ ಅಂಗಡಿ ಹಿಡಿದರು. ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಆ ಗಲ್ಲಿ ಬಿಟ್ಟು ಸುತ್ತಿಕೊಂಡು ಶಾಲೆಗೆ ಹೋಗಲು ಶುರುಮಾಡಿದೆ. ಇವತ್ತು ಹೇಳೋಣ, ಮೈಸೂರಿನ ಪಂದ್ಯ ಮುಗಿದ ಮೇಲೆ ಹೇಳೋಣ...

ಮೈಸೂರಿನಲ್ಲಿ ಒಂದೇ ರನ್ನಿನಲ್ಲಿ ಸೋತೆವು. ಬೇಸಗೆಯಲ್ಲಿ ಮೇಷ್ಟ್ರಿಗೆ ವರ್ಗವಾಯಿತು, ಸಾಫ್ಟ್‌ಬಾಲ್ ಅವರ ಹಿಂದೆಯೇ ಹೋಯಿತು. ಗ್ಲೌಸ್ ಅಟ್ಟದ ಮೇಲೆ ಸೇರಿ ಇಲಿಗಳ ಪಾಲಾಯಿತು. ಸಾಹೇಬರ ಹತ್ತಿರ ಹೋಗಿ ಒಂದು ಮಾತು ಹೇಳಲು ಇಷ್ಟು ವರ್ಷ ನನಗೆ ಪುರಸೊತ್ತಾಗಲಿಲ್ಲ. ಪುರಸೊತ್ತು ಎನ್ನುವುದೂ ಸುಳ್ಳೇ, ಧೈರ್ಯವಾಗಲಿಲ್ಲ.

ಅವತ್ತು ಮೀಟಿಂಗಿನಿಂದ ಅರ್ಧಕ್ಕೇ ಎದ್ದು ಗಲ್ಲಿಗೆ ಹೋದೆ. ಅಂಗಡಿ ಇತ್ತು. ಮಿಷನ್ ಮುಂದೆ ಅವರ ಮಗ, ಆತನ ಗಡ್ಡವೂ ನರೆತಿತ್ತು. ಸಾಹೇಬರು ತೀರಿಕೊಂಡು ಆರು ವರ್ಷವಾಯಿತೆಂದ. ನಿಂತೇ ಎಲ್ಲ ಹೇಳಿದೆ. ತಪ್ಪು ಅವರದಲ್ಲ, ಸುಳ್ಳು ಹೇಳಿದವಳು ನಾನು ಎಂದೆ.

“ಗೊತ್ತು ಮೇಡಂ. ಒಂಬತ್ತು ಹೊಲ್ದು ಎಂಟು ಬಿಚ್ದೆ, ಒಂದೇ ಮೊದ್ಲ ಸಲಕ್ಕೇ ಸರಿ ಬಂತು ಅಂತ ನಮ್ಮ ಅಬ್ಬಾ ನಗ್ತಿದ್ರು. ಊರೋರ್ಗೆ ಹೇಳಿ ಅಂದ್ರೆ ಬೇಡ ಅನ್ನೋರು. ಹೇಳಿದ್ರೆ ಆ ಮಗೀನ ಆಟ ನಿಲ್ಲಿಸ್ತಾರೆ ಅನ್ನೋರು. ಕೊನೆಗಂಟ ಹೇಳ್ಲೇ ಇಲ್ಲ.” ಆತ ಹೊಲಿಯುತ್ತಿದ್ದ ಸೀಟನ್ನು ಪಕ್ಕಕ್ಕಿಟ್ಟು ಕೇಳಿದ, “ಈಗ್ಲೂ ಆಡ್ತಿದ್ದೀರಾ ಮೇಡಂ?”

ಹೌದು ಎನ್ನುವ ಮಾತು ಬಾಯಿಯ ತನಕ ಬಂತು. ಆ ಅಂಗಡಿಯ ಮೇಲೆ ನಾನು ಹೊರಿಸಿದ ಒಂದು ಸುಳ್ಳೇ ಸಾಕಾಗಿತ್ತು.

“ಇಲ್ಲಪ್ಪ, ಆ ವರ್ಷವೇ ಬಿಟ್ಟುಬಿಟ್ಟೆ” ಎಂದೆ.