ಜಾಡಿಯಲ್ಲಿ ನಿಂತ ನೀರು

ತಾರಸಿಯ ಮೇಲೆ, ಬೆಳಗಿನ ಒಂಬತ್ತೂವರೆಯ ಬೂದು ಬೆಳಕಿನಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆ. ಅದರ ನೆತ್ತಿಯಿಂದ ಎದ್ದ ಆಳೆತ್ತರದ ಕೊಳವೆ. ಕೊಳವೆಯ ತುದಿಯಲ್ಲಿ ಕವುಚಿಟ್ಟ ಬಟ್ಟಲಿನಂಥ ಮುಚ್ಚಳ. ಮುಚ್ಚಳದ ಮಗ್ಗುಲಲ್ಲಿ, ಕಿವಿಯ ಲೋಲಾಕಿನಂತೆ, ತೇವ ಇಳಿದು ಸೇರುವ ಪುಟ್ಟ ಗಾಜಿನ ಜಾಡಿ. ಯಾವುದೂ ಅಲುಗುವುದಿಲ್ಲ. ಜಾಡಿಯೊಳಗಿನ ಎರಡು ಬೆರಳು ನೀರೂ ಅಲುಗುವುದಿಲ್ಲ.

ಆ ನೀರನ್ನೇ ದಿಟ್ಟಿಸುತ್ತಿದ್ದಾರೆ ಧೂಳಕ್ಕ. ಗಾಳಿಯ ಧೂಳನ್ನು ಅಳೆಯುವ ಏಳು ಯಂತ್ರಗಳ ಆರೈಕೆ ಹದಿನಾರು ವರ್ಷಗಳಿಂದ ಇವರದು. ಈ ಹೆಸರಿಟ್ಟವರು ಯಂತ್ರಗಳಿರುವ ಕಟ್ಟಡಗಳ ಕಾವಲುಗಾರರು.

"ಮಳೆ ಬಂದು ತಿಂಗಳ ಮೇಲಾಯ್ತು. ಇದೆಲ್ಲಿಂದ ಬಂತು?"

"ಮಂಜಿರಬೇಕು ಅಕ್ಕ," ಎನ್ನುತ್ತಾನೆ ಇಲ್ಲಿನ ಕಾವಲುಗಾರ.

ಅವರು ಜಾಡಿ ಬಿಚ್ಚಿ ಮೂಸುತ್ತಾರೆ. "ನಲ್ಲಿ ನೀರಿನ ಔಷಧಿ ವಾಸನೆ ಬರೋ ಮಂಜಾ? ಯಾವ ಅಂಗಡೀಲಿ ಸಿಗುತ್ತಪ್ಪ ಅದು?"

ಕಾವಲುಗಾರ ನಗುವುದಿಲ್ಲ.

ಈ ಯಂತ್ರಗಳನ್ನಿಟ್ಟ ಪ್ರಯೋಗಾಲಯದಲ್ಲಿ ಕಸ ಗುಡಿಸಲು ಸೇರಿದವರು ಧೂಳಕ್ಕ. ನೋಡಿ ನೋಡಿಯೇ ಕೆಲಸ ಕಲಿತವರು. ಒಮ್ಮೆ ಏಣಿಯಿಂದ ಬಿದ್ದು ಮುರಿದ ಮಣಿಕಟ್ಟು ಚಳಿಯಲ್ಲಿ ಇಂದಿಗೂ ನೋಯುತ್ತದೆ. ಆ ಕೈಯಿಂದಲೇ ಮುಚ್ಚಳ ಕಳಚಿ ಒರೆಸುತ್ತಾರೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕೊಳವೆಯ ಮೂತಿ ಉಜ್ಜುತ್ತಾರೆ, ಎಲ್ಲೂ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ನಿಮಿಷಕ್ಕೆ ಹದಿನಾರು ಪಾಯಿಂಟ್ ಏಳು ಲೀಟರ್ ಗಾಳಿ ಎಳೆಯಬೇಕು, ಎಳೆಯುತ್ತಿದೆ. ಯಂತ್ರದ ತಪ್ಪೇನೂ ಇಲ್ಲ.

ಪೆಟ್ಟಿಗೆಯೊಳಗಿನ ಕಾಗದದ ಸುರುಳಿಯ ಮೇಲೆ ಗಂಟೆಗೊಂದು ಧೂಳಿನ ಚುಕ್ಕೆ ಮೂಡುತ್ತದೆ. ಸುರುಳಿಯನ್ನು ಬೆಳಕಿಗೆ ಹಿಡಿದು ಅವರು ಬೆರಳಾಡಿಸುತ್ತಾರೆ. "ಬೆಳಿಗ್ಗೆ ಆರರಿಂದ ಒಂಬತ್ತು, ವಾಹನ ಜಾಸ್ತಿ. ಚುಕ್ಕೆ ಕಪ್ಪಗಿರಬೇಕು. ಹನ್ನೆರಡು ದಿನದಿಂದ ಅದೇ ಹೊತ್ತಲ್ಲಿ ಬೆಳ್ಳಗಿದೆ ನೋಡಪ್ಪ."

ಎದುರಿನ ಶಾಲೆಯ ಗೇಟಿನ ಫಲಕಕ್ಕೆ ಧೂಳಿನ ಅಂಕಿ ಹೋಗುವುದು ಇಲ್ಲಿಂದಲೇ. ನೂರು ದಾಟಿದರೆ ಮಕ್ಕಳು ಅಂಗಳಕ್ಕೆ ಇಳಿಯುವಂತಿಲ್ಲ. ಧೂಳಕ್ಕನ ತಂಗಿಯ ಮಗಳು ಓದುವುದೂ ಅಲ್ಲೇ, ಉಬ್ಬಸದ ಮಗು. "ನೂರು ದಾಟಿಲ್ಲ ಅಂತ ದಿನಾ ಆಡೋಕೆ ಬಿಟ್ರು. ಮನೆಗೆ ಬಂದ್ರೆ ಕೂತೇ ಉಸಿರೆಳೀತಾಳೆ. ದೊಡ್ಡಮ್ಮ, ನಿನ್ನ ಯಂತ್ರ ಸುಳ್ಳು ಹೇಳುತ್ತಾ ಅಂತ ಕೇಳಿದ್ಲು."

ಮೇಲ್ವಿಚಾರಕರ ಫೋನು ಬರುತ್ತದೆ. "ಶುಚಿ ಮಾಡಲಾಗಿದೆ ಅಂತ ಬರೆದು ಸಹಿ ಹಾಕಿಬಿಡಮ್ಮ. ಅಂಕಿ ಇಳಿದಿದ್ದಕ್ಕೆ ಎಲ್ಲರಿಗೂ ಖುಷಿಯಾಗಿದೆ."

"ನಿಜವಾಗ್ಲೂ ಇಳಿದಿದ್ರೆ ನನಗೂ ಖುಷಿನೇ ಸಾರ್."

ಆಮೇಲೆ, "ಮುಂದಿನ ವರ್ಷವೂ ಕೆಲಸ ಬೇಕಲ್ವೇನಮ್ಮ?" ಎಂಬ ನಯವಾದ ಪ್ರಶ್ನೆ. ಧೂಳಕ್ಕ ಫೋನನ್ನು ಚೀಲಕ್ಕೆ ಹಾಕುತ್ತಾರೆ.

ನೀರಿನ ತೊಟ್ಟಿಯ ಹಿಂದೆ ಸುತ್ತಿಟ್ಟ ರಬ್ಬರ್ ಪೈಪಿನ ಬಾಯಿಂದ ಇನ್ನೂ ಹನಿ ಜಿನುಗುತ್ತಿದೆ. ಯಂತ್ರದ ಸುತ್ತ ನೀರು ಚಿಮ್ಮಿಸಿದರೆ ಧೂಳು ಅಡಗುತ್ತದೆ, ಅಂಕಿಯೂ ಇಳಿಯುತ್ತದೆ. ಧೂಳಕ್ಕ ಆ ಪೈಪನ್ನು ನೋಡುತ್ತಾರೆ. ಅವರು ನೋಡುವುದನ್ನು ಕಾವಲುಗಾರ ನೋಡುತ್ತಾನೆ.

"ಆರು ಗಂಟೆಗೆ ನಾನು ಕೆಳಗೆ ಗೇಟಲ್ಲಿರ್ತೀನಿ ಅಕ್ಕ. ತಾರಸಿಯ ಇನ್ನೊಂದು ಬೀಗದ ಕೈ ಈ ಕಟ್ಟಡದ ಆಫೀಸಲ್ಲಿದೆ. ನನಗೆ ಗೊತ್ತಿರೋದು ಅಷ್ಟೇ. ಬೇಕಾದ್ರೆ ಬರ್ಕೊಳ್ಳಿ."

ಅವರು ಮೊಣಕಾಲ ಮೇಲೆ ತಪಾಸಣೆಯ ಪುಸ್ತಕವಿಟ್ಟು ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಾರೆ: ಜಾಡಿಯಲ್ಲಿ ನೀರು. ಮಳೆ ಇಲ್ಲ. ತಾರಸಿಗೆ ಎರಡು ಬೀಗದ ಕೈ. ಹನ್ನೆರಡು ದಿನಗಳ ಅಂಕಿ ನಂಬತಕ್ಕದ್ದಲ್ಲ. ಕೆಳಗೆ ಸಹಿ.

"ಯಂತ್ರ ಎಷ್ಟೋ ಸಲ ಕೆಟ್ಟಿದೆ," ಎನ್ನುತ್ತಾರೆ, ಒಣ ಜಾಡಿಯೊಂದನ್ನು ಸಿಕ್ಕಿಸುತ್ತ. "ಈ ಪುಸ್ತಕ ಮಾತ್ರ ಕೆಟ್ಟಿಲ್ಲ. ಮುಂದಿನ ತಿಂಗಳು ಬಂದಾಗ ಈ ಜಾಡಿ ಒಣಗಿದ್ರೆ ಸಾಕು. ಬರೋದು ನಾನೇ ಆದ್ರೆ."

ನೀರಿದ್ದ ಜಾಡಿಗೆ ಮುಚ್ಚಳ ಬಿಗಿದು ಚೀಲದಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಾರೆ. ನೇರವಾಗಿ ಶಾಲೆಗೆ, ಫಲಕ ಆರಿಸಿ ಎಂದು ಹೇಳಲು. ತಾರಸಿಯ ತಗಡಿನ ಬಾಗಿಲು ಅವರ ಹಿಂದೆ ಮುಚ್ಚಿಕೊಳ್ಳುತ್ತದೆ.